ಓಟವನ್ನು ತಡೆದು ಯೋಚಿಸುವ ಆಟ

ವಿದ್ಯುನ್ಮಾನ ಆಟಗಳೆಂದರೆ ಬೆರಳಿನ ಚುರುಕೇ ಹೊರತು ಬುದ್ಧಿಗೆ ಅಲ್ಲಿ ಕೆಲಸವಿಲ್ಲವೆಂಬ ಮಾತು ಅಧ್ಯಾಪಕ ವಲಯದಲ್ಲಿ ಆಗಾಗ ಕೇಳಿಬರುತ್ತದೆ. ಅದನ್ನು ಒಪ್ಪುವ ಮೊದಲು, ಜಪಾನಿನ ಟೆಕ್ಮೊ ಸಂಸ್ಥೆಯು 1988ರಲ್ಲಿ ಫ್ಯಾಮಿಕಾಮ್ ಯಂತ್ರಕ್ಕಾಗಿ ಹೊರತಂದ ‘ಕ್ಯಾಪ್ಟನ್ ತ್ಸುಬಾಸ’ವನ್ನು ಪರಿಶೀಲಿಸುವುದು ಉಚಿತ. ಯೊಇಚಿ ತಕಾಹಾಶಿಯವರು 1981ರಿಂದ ವಾರಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ರಚಿಸಿದ ಕಾಲ್ಚೆಂಡಾಟದ ಚಿತ್ರಕಥೆಯೇ ಇದಕ್ಕೆ ಮೂಲ.

ಚೆಂಡನ್ನೊಯ್ಯುವವನಿಗೆ ಪ್ರತಿಪಕ್ಷದವನು ಇದಿರಾದೊಡನೆ ಆಟ ನಿಲ್ಲುತ್ತದೆ. ನುಸುಳಿ ಸಾಗುವುದೋ, ಜೊತೆಗಾರನಿಗೆ ದಾಟಿಸುವುದೋ, ಅಲ್ಲಿಂದಲೇ ಗೋಲಿನತ್ತ ಒದೆಯುವುದೋ ಎಂಬುದನ್ನು ಆಡುವವನು ನಿರ್ಧರಿಸಬೇಕು. ನಿರ್ಧರಿಸಿದ್ದು ಚಿತ್ರಕಥೆಯ ಪುಟಗಳಂತೆಯೇ ದೊಡ್ಡ ದೊಡ್ಡ ಚಿತ್ರಗಳಾಗಿ ತೆರೆಯ ಮೇಲೆ ಮೂಡುತ್ತದೆ. ಇಂಥ ಸಾಹಸಗಳಿಗೆಲ್ಲ ‘ಗಟ್ಸ್’ ಎಂಬ ಕಸುವು ವ್ಯಯವಾಗುತ್ತದೆ. ನಾಯಕನ ಪ್ರಚಂಡ ಹೊಡೆತಕ್ಕಂತೂ ಬಹಳ. ಆರಂಭದಲ್ಲಿಯೇ ಅದನ್ನು ಸೂರೆಗೈದವನು ಕೊನೆಯ ನಿಮಿಷಗಳಲ್ಲಿ ಬರಿಗೈಯಾಗುತ್ತಾನೆ. (ಮಿತವ್ಯಯದ ಪಾಠವನ್ನು ಇಷ್ಟು ಮನಮುಟ್ಟುವಂತೆ ಹೇಳುವ ಅಂಕಗಣಿತದ ಪುಸ್ತಕ ವಿರಳ!) ಸೋತರೆ ಅದೇ ಪಂದ್ಯವನ್ನು ಮತ್ತೆ ಆಡಬೇಕು.

ಅಮೆರಿಕೆಯನ್ನು ಸೇರಿದಾಗ ಮಾತ್ರ ಇದಕ್ಕೆ ಅನ್ಯಾಯವಾಯಿತು. 1992ರಲ್ಲಿ ಇದೇ ಆಟ ‘ಟೆಕ್ಮೊ ಕಪ್ ಸಾಕರ್ ಗೇಮ್’ ಎಂಬ ಹೆಸರು ತಳೆಯಿತು. ತ್ಸುಬಾಸ ಮಾಯವಾಗಿ ರಾಬಿನ್ ಫೀಲ್ಡ್ ಎಂಬವನು ನಾಯಕನಾದನು. ಆಟದ ಕ್ರಮ ಬಹುಮಟ್ಟಿಗೆ ಉಳಿಯಿತು, ನಿಜ. ಆದರೆ ಕಥೆಯಲ್ಲಿ ವರ್ಷಗಟ್ಟಲೆ ಕಂಡ ಹ್ಯೂಗಾ ಇದಿರು ನಿಂತಾಗ ಜಪಾನಿನ ಬಾಲಕನ ಎದೆ ಬಡಿದುಕೊಂಡಂತೆ, ಹೆಸರನ್ನೇ ಕೇಳರಿಯದ ಎದುರಾಳಿಯ ಮುಂದೆ ಯಾವ ಬಾಲಕನ ಎದೆ ಬಡಿದುಕೊಂಡೀತು? ಮಾರಾಟಗಾರರಿಗೆ ಹೊರೆಯಾಗಿ ಕಂಡದ್ದು ಆಟದ ಅರ್ಧ ಜೀವವಾಗಿತ್ತು. 1990ರ ಎರಡನೆಯ ಭಾಗವಂತೂ ಜಪಾನಿನ ಹೊರಗೆ ಅಧಿಕೃತವಾಗಿ ಮಾರಾಟಕ್ಕೆ ಬರಲೇ ಇಲ್ಲ.