ಶ್ರದ್ಧೆ ಮತ್ತು ಪರೀಕ್ಷೆ

ನಗರದಿಂದ ಮಾಸ್ತಿಕಟ್ಟೆಯನ್ನು ಹಾದು ಹುಲಿಕಲ್ ಘಾಟಿಯನ್ನಿಳಿದರೆ ಹೊಸಂಗಡಿ. ಅಲ್ಲಿಂದ ಕುಂದಾಪುರದ ದಾರಿಯಲ್ಲಿ ಮುಂದಕ್ಕೆ ಸಿದ್ದಾಪುರ. ಹೊಸನಗರ ಸೀಮೆಯವರಿಗೆ ಅದು ಪರಸ್ಥಳವಲ್ಲ. ಘಟ್ಟದ ಮೇಲಣ ಮನೆಗಳಿಗೂ ಕೆಳಗಣ ಮನೆಗಳಿಗೂ ಹೆಣ್ಣು ಕೊಟ್ಟು ತರುವ ನಂಟುಂಟು. ಆ ಸಿದ್ದಾಪುರದ ಜನ್ಸಾಲೆಯ ಬೇಸಾಯದ ಮನೆಯಲ್ಲಿ 1987ರಲ್ಲಿ ಹುಟ್ಟಿದ ಅಶ್ವಿನಿ ಅಕ್ಕುಂಜೆಯವರ ಹೆಸರನ್ನು ವಾಚಕರಲ್ಲನೇಕರು ಕೇಳಿರಬಹುದು. ಆಕೆಯ ವೃತ್ತಾಂತವನ್ನು ಸಂಕ್ಷೇಪವಾಗಿ ಹೇಳಿ, ಅದರಿಂದ ನಮ್ಮ ಮನಸ್ಸಿನಲ್ಲಿ ಎದ್ದ ಒಂದು ಜಿಜ್ಞಾಸೆಯನ್ನು ಈ ತಿಂಗಳು ವಾಚಕರ ಮುಂದಿಡುವೆವು.

2010ನೆಯ ಇಸವಿಯ ಅಕ್ಟೋಬರಿನಲ್ಲಿ ದೆಹಲಿಯಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟ ಜರುಗಿತು. ನಾಲ್ವರು ಒಬ್ಬರ ಕೈಯಿಂದೊಬ್ಬರು ಕೋಲನ್ನು ಪಡೆದು ತಲಾ 400 ಮೀಟರು ಓಡುವ ರಿಲೇ ಓಟದಲ್ಲಿ ಭಾರತದ ವನಿತೆಯರು ಚಿನ್ನವನ್ನು ಗೆದ್ದರು. ಅಶ್ವಿನಿ ಆ ನಾಲ್ವರಲ್ಲಿ ಒಬ್ಬರು. 1958ರಲ್ಲಿ ಮಿಲ್ಖಾ ಸಿಂಗರು ಕಾರ್ಡಿಫ್ ಪಟ್ಟಣದಲ್ಲಿ ಗೆದ್ದ ತರುವಾಯ, ಆ ಕೂಟದ ಓಟಗಳಲ್ಲಿ ನಮ್ಮ ದೇಶಕ್ಕೆ ಚಿನ್ನ ದೊರೆತದ್ದು ಅದೇ ಮೊದಲು.

ಮರುತಿಂಗಳು ಚೀನಾ ದೇಶದ ಗುವಾಂಗ್‌ಝೌ ನಗರದಲ್ಲಿ ಏಷ್ಯಾ ಕ್ರೀಡಾಕೂಟ. ಅಲ್ಲಿ ಆಕೆ 400 ಮೀಟರ್ ಹರ್ಡಲ್ಸ್ ಓಟಕ್ಕೆ ನಿಂತರು. ದಾರಿಯಲ್ಲಿ ಹತ್ತು ಅಡ್ಡಗಟ್ಟೆಗಳು. ಒಂದೊಂದರ ಎತ್ತರ 76 ಸೆಂಟಿಮೀಟರಿಗಿಂತ ತುಸು ಹೆಚ್ಚು. ಮೊದಲನೆಯದು 45 ಮೀಟರಿಗೆ, ಅನಂತರ 35 ಮೀಟರಿಗೊಂದರಂತೆ, ಕಡೆಯದನ್ನು ದಾಟಿದ ಮೇಲೆ ಇನ್ನೂ 40 ಮೀಟರು. ಕೇವಲ ವೇಗವಿದ್ದರೆ ಸಾಲದು; ಹೆಜ್ಜೆಗಳ ಲೆಕ್ಕ ತಪ್ಪಬಾರದು. ಅಶ್ವಿನಿ 56.15 ಸೆಕೆಂಡುಗಳಲ್ಲಿ ಓಡಿ ಎಲ್ಲರಿಗಿಂತ ಮುಂದಾದರು. ರಿಲೇ ಓಟದಲ್ಲಿಯೂ ಚಿನ್ನ ಬಂದಿತು. ಘಟ್ಟದ ಮೇಲೂ ಕೆಳಗೂ ಜನ ತಮ್ಮ ಮನೆಯ ಮಗಳೇ ಗೆದ್ದಳೆಂಬಂತೆ ಹಿಗ್ಗಿದರು, ನಾವೂ ಹಿಗ್ಗಿದೆವು.

ಆ ಹರ್ಷ ವರ್ಷವೊಂದನ್ನು ತುಂಬಲಿಲ್ಲ. 2011ರಲ್ಲಿ ನಡೆದ ಪರೀಕ್ಷೆಯೊಂದರಲ್ಲಿ ಆಕೆಯ ದೇಹದಲ್ಲಿ ನಿಷಿದ್ಧವಾದ ಸ್ಟೆರಾಯ್ಡ್ ಔಷಧದ ಅಂಶ ಕಂಡುಬಂದಿತು. ರಿಲೇಯ ಜೊತೆಗಾತಿಯರಲ್ಲಿ ಕೆಲವರಿಗೂ ಅದೇ ಗತಿಯಾಯಿತು. ತಮಗೆ ತಿಳಿದು ತಾವೇನನ್ನೂ ಸೇವಿಸಲಿಲ್ಲವೆಂದೂ, ತರಬೇತಿ ನೀಡುತ್ತಿದ್ದ ಉಕ್ರೇನ್ ದೇಶದ ಶಿಕ್ಷಕರು ಚೀನಾದಿಂದ ತರಿಸಿಕೊಟ್ಟ ಜಿನ್ಸೆಂಗ್ ಎಂಬ ಬೇರಿನ ಔಷಧದಲ್ಲಿಯೇ ಅದು ಬೆರೆತಿರಬೇಕೆಂದೂ ಅವರು ವಿಚಾರಣೆಯಲ್ಲಿ ಅರಿಕೆಮಾಡಿಕೊಂಡರು. ಸರ್ಕಾರವು ಆ ಶಿಕ್ಷಕರನ್ನು ಕೆಲಸದಿಂದ ತೆಗೆಯಿತು. ಭಾರತದ ವಿಚಾರಣಾ ಮಂಡಲಿಯು ಓಟಗಾತಿಯರ ತಪ್ಪು ದೊಡ್ಡದಲ್ಲವೆಂದು ಎಣಿಸಿ ಒಂದು ವರ್ಷದ ನಿಷೇಧವನ್ನು ವಿಧಿಸಿತು. ಅಂತರರಾಷ್ಟ್ರೀಯ ಅಥ್ಲೆಟಿಕ್ ಸಂಸ್ಥೆಯು ಇದನ್ನೊಪ್ಪದೆ ಮೇಲಣ ಕ್ರೀಡಾನ್ಯಾಯಾಲಯಕ್ಕೆ ಹೋಗಲು, 2012ರಲ್ಲಿ ಶಿಕ್ಷೆ ಎರಡು ವರ್ಷವಾಯಿತು. ಲಂಡನ್ ಒಲಿಂಪಿಕ್ಸ್ ಕೈತಪ್ಪಿತು. ಹಿಂದೆ ಗೆದ್ದ ಪದಕಗಳು ಮಾತ್ರ ಆಕೆಯವಾಗಿಯೇ ಉಳಿದವು. ಅವಧಿ ಕಳೆದ ಮೇಲೆ ಆಕೆ ಮರಳಿ ಓಟದ ಅಂಗಣಕ್ಕೆ ಬಂದರು.

ಕ್ರೀಡಾಲೋಕದ ಶಾಸನ ಕಠಿಣವಾದುದು. ದೇಹದಲ್ಲಿ ಏನು ಸಿಕ್ಕಿತೋ ಅದಕ್ಕೆ ಆ ದೇಹದವರೇ ಹೊಣೆ. ಯಾರು ಕೊಟ್ಟರೆಂಬುದು ಶಿಕ್ಷೆಯನ್ನು ಹಗುರಮಾಡಬಹುದೇ ಹೊರತು ದೋಷವನ್ನು ಅಳಿಸಲಾರದು. ಇದು ಅನ್ಯಾಯವಲ್ಲವೇ ಎಂದು ನಮಗೆ ಮೊದಲು ತೋರಿತು. ಗುರು ಕೊಟ್ಟುದನ್ನು ಶಿಷ್ಯೆ ಕಣ್ಣಿಗೊತ್ತಿಕೊಂಡು ಸ್ವೀಕರಿಸುವುದನ್ನೇ ಅಲ್ಲವೇ ನಾವು ಶ್ರದ್ಧೆಯೆಂದು ಹೊಗಳುತ್ತ ಬಂದುದು? ಆದರೆ ಆ ಶಾಸನವಿಲ್ಲದಿದ್ದರೆ, ಮೋಸಮಾಡಿದವರೆಲ್ಲರೂ ತಮ್ಮ ಶಿಕ್ಷಕರ ಕಡೆಗೆ ಬೆರಳು ತೋರಿಸಿ ಪಾರಾಗುವರು. ಶುದ್ಧವಾಗಿ ಓಡಿ ಸೋತವರಿಗೆ ನ್ಯಾಯವೆಲ್ಲಿ?

ಹೀಗೆ ಯೋಚಿಸುತ್ತಿರಲು ನಮ್ಮದೇ ಒಂದು ತಪ್ಪು ನೆನಪಿಗೆ ಬಂದಿತು. ನಾವು ಉಪಾಧ್ಯಾಯರಾಗಿದ್ದಾಗ, ಹೊಟ್ಟೆನೋವೆಂದು ಮುದುಡಿ ಕುಳಿತ ಹುಡುಗನೊಬ್ಬನಿಗೆ ನಮ್ಮ ಬೀರುವಿನಲ್ಲಿದ್ದ ಚೂರ್ಣವನ್ನು ನೀರಿನಲ್ಲಿ ಕಲಸಿ ಕೊಟ್ಟೆವು. ಅವನು ಮರುಮಾತಿಲ್ಲದೆ ಕುಡಿದನು. ನಮಗೆ ಬಹಳ ಸಂತೋಷವಾಯಿತು. ಮರುದಿನ ಅವನ ತಾಯಿ ಶಾಲೆಯ ಬಾಗಿಲಲ್ಲಿ ನಿಂತು, “ನಿನ್ನೆ ಎಂಥ ಕೊಟ್ರಿ ಮೇಷ್ಟ್ರೇ?” ಎಂದು ಕೇಳಿದರು. ಹುಡುಗನಿಗೇನೂ ಆಗಿರಲಿಲ್ಲ. ಆದರೂ ನಮಗೆ ಕೋಪ ಬಂದಿತು: ನಮ್ಮನ್ನೇ ಕೇಳುವುದೇ? ಬಿರುಸಾಗಿಯೇ ಉತ್ತರಿಸಿ ಕಳುಹಿಸಿದೆವು. ಆ ಚೂರ್ಣ ಎಷ್ಟು ಹಳೆಯದೆಂಬುದು ನಮಗೇ ತಿಳಿದಿರಲಿಲ್ಲ. ಅಂದು ಸರಿಯಾಗಿ ನಡೆದುಕೊಂಡವರು ಆ ತಾಯಿಯೊಬ್ಬರೇ.

ಸಂಸ್ಕೃತದಲ್ಲಿ ಪರೀಕ್ಷೆಯೆಂದರೆ ಸುತ್ತಲೂ ನೋಡುವುದು. ನಾವಾದರೋ ಜೀವಮಾನವೆಲ್ಲ ಮಕ್ಕಳನ್ನು ಪರೀಕ್ಷಿಸಿದೆವು. ನಮ್ಮನ್ನು ಪರೀಕ್ಷಿಸಲು ಅವರಿಗೆ ಕಲಿಸಲಿಲ್ಲ. ನಮ್ಮಂಥವರು ಬೆಳೆಸಿದ ಮೌನವೇ ಮುಂದೆ ದೊಡ್ಡ ಅಂಗಣಗಳಲ್ಲಿ ಮಕ್ಕಳಿಗೆ ಮುಳುವಾಗುತ್ತದೆ. ಅಶ್ವಿನಿಯವರು ಪುನಃ ಅಂಗಣಕ್ಕಿಳಿದರೆಂಬುದು ಸಮಾಧಾನ. ಕಳೆದುಹೋದ ಎರಡು ವರ್ಷಗಳನ್ನು ಮಾತ್ರ ಯಾರೂ ತಂದುಕೊಡಲಾರರು.

ಆದುದರಿಂದ ಗೃಹಿಣಿಯರಲ್ಲಿ ನಮ್ಮದೊಂದು ಪ್ರಾರ್ಥನೆ. ಮಕ್ಕಳು ಆಟಕ್ಕೋ ಪಾಠಕ್ಕೋ ಪರಸ್ಥಳಕ್ಕೆ ಹೊರಟಾಗ ಹಿರಿಯರಿಗೆ ವಿಧೇಯರಾಗಿರಿ ಎಂದು ಹೇಳಿ ಕಳುಹಿಸುತ್ತೀರಿ, ಒಳ್ಳೆಯದೇ. ಅದರೊಡನೆ, ಕೊಟ್ಟುದನ್ನು ಬಾಯಿಗಿಡುವ ಮುನ್ನ ಇದೇನೆಂದು ವಿನಯದಿಂದ ಕೇಳಬೇಕೆಂದೂ ಹೇಳಿ ಕಳುಹಿಸಿರಿ. ಕೇಳಿದವರ ಮೇಲೆ ಮೇಷ್ಟರು ಕೋಪಿಸಿಕೊಂಡರೆ ಕೋಪಿಸಿಕೊಳ್ಳಲಿ. ನಾವೂ ಒಮ್ಮೆ ಕೋಪಿಸಿಕೊಂಡವರೇ; ಇಂದು ನಾಚುತ್ತಿದ್ದೇವೆ.