ಆಕಾಶನೌಕೆಯ ಕವಚವಿಚಾರ

ಮನೆಯ ಮಕ್ಕಳು ಗಣಕಯಂತ್ರದ ಮುಂದೆ ಕುಳಿತು ಆಡುವ ಆಟಗಳೆಲ್ಲವೂ ಕೇವಲ ಕಾಲಹರಣವೆಂದು ಹಿರಿಯರು ಭಾವಿಸುವುದುಂಟು. ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಐಸ್‌ಲೆಂಡ್ ದೇಶದ ಸಿ.ಸಿ.ಪಿ. ಎಂಬ ಸಂಸ್ಥೆಯವರು 2003ನೆಯ ಇಸವಿಯಲ್ಲಿ ಹೊರತಂದ ‘ಈವ್ ಆನ್‌ಲೈನ್’ ಎಂಬ ಆಟದಲ್ಲಿ ಗೃಹಸ್ಥರಿಗೂ ಮನನಯೋಗ್ಯವಾದ ವಿಚಾರವೊಂದು ಅಡಗಿರುವುದು. ಈ ತಿಂಗಳು ಅದನ್ನೇ ವಾಚಕರ ಮುಂದಿಡುವೆವು.

ಈ ಆಟದಲ್ಲಿ ನಾನಾ ದೇಶಗಳ ಸಹಸ್ರಾರು ಜನರು ಅಂತರ್ಜಾಲದ ಮೂಲಕ ಒಂದೇ ಕಲ್ಪಿತ ನಭೋಮಂಡಲದಲ್ಲಿ ಕೂಡಿ, ನೌಕೆಗಳನ್ನು ನಡೆಯಿಸುತ್ತ ವ್ಯಾಪಾರವನ್ನೂ ಯುದ್ಧವನ್ನೂ ಮಾಡುತ್ತಾರೆ. ಇಲ್ಲಿ ನೌಕೆಯು ನಾಶವಾದರೆ ನಾಶವಾದಂತೆಯೇ. ಆಟವನ್ನು ಹಿಂದಕ್ಕೆ ತಿರುಗಿಸಿ ಅದನ್ನು ಮರಳಿ ಪಡೆಯುವ ಹಾಗಿಲ್ಲ. ಬಹುಕಾಲ ದುಡಿದು ಸಂಪಾದಿಸಿದುದು ಗಳಿಗೆಯಲ್ಲಿ ಹೋಗಬಹುದು. 2014ನೆಯ ಜನವರಿಯಲ್ಲಿ ಸುಮಾರು 21 ಗಂಟೆಗಳ ಕಾಲ ನಡೆದ ಒಂದು ಯುದ್ಧದಲ್ಲಿ ‘ಟೈಟನ್’ ಎಂಬ ಮಹಾನೌಕೆಗಳೇ 75 ಹಾಳಾದುವು. ಆದುದರಿಂದ ರಕ್ಷಣೆಯ ಪ್ರಶ್ನೆಯು ಆಟಗಾರನಿಗೆ ಹುಡುಗಾಟವಲ್ಲ.

ಪ್ರತಿಯೊಂದು ನೌಕೆಗೂ ಮೂರು ಆವರಣಗಳುಂಟು. ಹೊರಗಿನದು ಶಕ್ತಿಮಯವಾದ ಗುರಾಣಿ. ಅದರೊಳಗೆ ಲೋಹದ ಕವಚ. ಅದಕ್ಕೂ ಒಳಗೆ ನೌಕೆಯ ಒಡಲು. ಗುರಾಣಿಯು ಕಾಲಕ್ರಮದಲ್ಲಿ ತಾನಾಗಿಯೇ ತುಂಬಿಕೊಳ್ಳುವುದು. ಕವಚವಾದರೋ ದುರಸ್ತು ಮಾಡಿದ ಹೊರತು ಸರಿಹೋಗದು. ಶತ್ರುವಿನ ಪೆಟ್ಟುಗಳು ನಾಲ್ಕು ವಿಧ: ವಿದ್ಯುತ್ಕಾಂತದ್ದು, ತಾಪದ್ದು, ಬಡಿತದ್ದು, ಸ್ಫೋಟದ್ದು. ಸಾಮಾನ್ಯ ನೌಕೆಗಳ ಕವಚವು ವಿದ್ಯುತ್ಕಾಂತದ ಪೆಟ್ಟಿನಲ್ಲಿ ಸುಮಾರು ಅರ್ಧವನ್ನು ತಾನೇ ತಡೆಯುವುದು. ಸ್ಫೋಟದ ಪೆಟ್ಟಿನಲ್ಲಾದರೋ, ಬಹುತೇಕ ನೌಕೆಗಳಲ್ಲಿ, ಹತ್ತರಲ್ಲೊಂದು ಪಾಲನ್ನು ಮಾತ್ರ. ದುರ್ಯೋಧನನಿಗೆ ತೊಡೆಯು ಹೇಗೋ ಕವಚಕ್ಕೆ ಸ್ಫೋಟವು ಹಾಗೆ ಮರ್ಮಸ್ಥಾನವು.

ಇಲ್ಲಿ ಸ್ವಲ್ಪ ಲೆಕ್ಕವನ್ನು ಮಾಡೋಣ. ಒಳನುಗ್ಗುವ ಪೆಟ್ಟನ್ನು ಅರ್ಧಕ್ಕಿಳಿಸುವ ಸಾಧನವೊಂದು ನಮ್ಮ ಕೈಲಿದೆಯೆಂದು ಇಟ್ಟುಕೊಳ್ಳಿರಿ. 100 ಪಾಲು ಪೆಟ್ಟು ಬೀಳುವಲ್ಲಿ, ವಿದ್ಯುತ್ಕಾಂತದ ಕಡೆಗೆ ಮೊದಲು 50 ಒಳಹೋಗುತ್ತಿದ್ದುದು 25ಕ್ಕೆ ಇಳಿಯುವುದು; ಉಳಿತಾಯ 25. ಸ್ಫೋಟದ ಕಡೆಗೆ 90 ಇದ್ದುದು 45ಕ್ಕೆ ಇಳಿಯುವುದು, ಉಳಿತಾಯ 45. ಸಾಧನವು ಒಂದೇ; ಫಲದಲ್ಲಿ ಇಷ್ಟು ಅಂತರ! ಬಲವಿದ್ದಲ್ಲಿಗೆ ಬಲವನ್ನು ಕೂಡಿಸುವುದಕ್ಕಿಂತ ಬಲವಿಲ್ಲದಲ್ಲಿಗೆ ಒದಗಿಸುವುದೇ ಲಾಭಕರವೆಂಬುದು ಇದರಿಂದ ಸಿದ್ಧವಾಯಿತು.

ಆಟವನ್ನು ರಚಿಸಿದವರು ಇನ್ನೊಂದು ನಿಯಮವನ್ನೂ ಇಟ್ಟಿದ್ದಾರೆ. ಒಂದೇ ಬಗೆಯ ಪೆಟ್ಟನ್ನು ತಡೆಯುವ ಸಾಧನಗಳನ್ನು ಮೇಲಿಂದ ಮೇಲೆ ಜೋಡಿಸಿದರೆ, ಮೊದಲನೆಯದು ಪೂರ್ಣಫಲವನ್ನು ಕೊಡುವುದು. ಎರಡನೆಯದು ಶೇಕಡ 87ರಷ್ಟು, ಮೂರನೆಯದು 57ರಷ್ಟು, ನಾಲ್ಕನೆಯದು 28ರಷ್ಟು ಮಾತ್ರ. ತಲೆಬಾಗಿಲಿಗೆ ನಾಲ್ಕು ಅಗಳಿಗಳನ್ನು ಹಾಕಿ ಹಿತ್ತಿಲ ಬಾಗಿಲನ್ನು ತೆರೆದಿಟ್ಟವನಿಗೆ ಕಳ್ಳನ ಭಯವು ತಪ್ಪಿತೇ?

ಹಾಗೆಂದು ಎಲ್ಲ ಕಡೆಯೂ ಸಮನಾಗಿ ಭದ್ರಪಡಿಸುವುದು ಸಾಧ್ಯವಲ್ಲ. ನೌಕೆಯಲ್ಲಿ ಸಾಧನಗಳನ್ನಿಡುವ ಸ್ಥಾನಗಳು ಎಣಿಕೆಯವು. ಕವಚದ ಸಾಧನಗಳು ಕೂಡುವ ಸ್ಥಾನಗಳಲ್ಲಿಯೇ ಆಯುಧದ ಬಲವನ್ನು ಹೆಚ್ಚಿಸುವ ಯಂತ್ರಗಳೂ ಕೂಡಬೇಕು. ಒಂದನ್ನಿಟ್ಟರೆ ಮತ್ತೊಂದಕ್ಕೆ ಎಡೆಯಿಲ್ಲ. ದಪ್ಪನೆಯ ಉಕ್ಕಿನ ಫಲಕವನ್ನು ಹೊದಿಸಿದರೆ ಭಾರವೇರಿ ನೌಕೆಯ ಚುರುಕು ತಗ್ಗುವುದು. ಕವಚವನ್ನು ದುರಸ್ತು ಮಾಡುವ ಯಂತ್ರವು ನೌಕೆಯ ಸಂಗ್ರಹಶಕ್ತಿಯನ್ನು ಕುಡಿಯುವುದು. ಶಕ್ತಿ ತೀರಿದೊಡನೆ ಅದೂ ನಿಲ್ಲುವುದು.

ಆದುದರಿಂದ ಬಲ್ಲವನು ಮೊದಲು ಎದುರಾಳಿ ಯಾರೆಂದು ವಿಚಾರಿಸುವನು. ‘ಏಂಜಲ್ ಕಾರ್ಟೆಲ್’ ಎಂಬ ಕಳ್ಳರ ಪಡೆಯು ಹೆಚ್ಚಾಗಿ ಸ್ಫೋಟದ ಪೆಟ್ಟನ್ನೇ ಕೊಡುವುದರಿಂದ, ಅಲ್ಲಿಗೆ ಹೋಗುವವನು ಮೊದಲು ಆ ಮರ್ಮವನ್ನು ಮುಚ್ಚಬೇಕು. ‘ಸಾನ್ಷಾ’ನ ಪಡೆಯದು ವಿದ್ಯುತ್ಕಾಂತ ಮತ್ತು ತಾಪಗಳ ಪೆಟ್ಟು, ಅಲ್ಲಿ ರಕ್ಷಣೆಯ ಕ್ರಮವೇ ಬೇರೆ. ಎದುರಾಳಿಯು ಮನುಷ್ಯನಾದರೆ ಅವನು ಯಾವುದನ್ನು ಪ್ರಯೋಗಿಸುವನೋ ತಿಳಿಯದು. ಆಗ ಅತ್ಯಂತ ದುರ್ಬಲವಾದ ಕಡೆಗೇ ಪ್ರಥಮ ಗಮನವು ಯುಕ್ತವು.

ಇಷ್ಟಾದರೂ ಅಭೇದ್ಯವಾದ ಕವಚವೆಂಬುದಿಲ್ಲ. ಕಳೆದುಕೊಂಡರೆ ತಾಳಿಕೊಳ್ಳಲಾಗದ ನೌಕೆಯನ್ನು ಹೊರಡಿಸಬೇಡವೆಂಬುದು ಈ ಆಟದ ಅನುಭವಿಗಳು ಹೊಸಬರಿಗೆ ಹೇಳುವ ಮಾತು. ಹಾಸಿಗೆಯಿದ್ದಷ್ಟು ಕಾಲು ಚಾಚೆಂದು ನಮ್ಮ ಹಿರಿಯರು ಹೇಳಿದುದೂ ಇದನ್ನೇ.

ವಾಚಕರ ಮನೆಯಲ್ಲಿ ಈ ಆಟವನ್ನಾಡುವ ಮಕ್ಕಳಿದ್ದರೆ, ಗದರಿಸುವುದಕ್ಕೆ ಮೊದಲು ಹತ್ತಿರ ಕುಳಿತು, “ನಿನ್ನ ನೌಕೆಗೆ ಪೆಟ್ಟು ಎಲ್ಲಿ ತಗುಲೀತಪ್ಪಾ? ಅದಕ್ಕೇನು ಮಾಡಿರುವೆ?” ಎಂದು ಕೇಳಿರಿ. ಉತ್ತರವನ್ನು ಸಕಾರಣವಾಗಿ ಹೇಳಿದರೆ ಅವರು ಕಾಲವನ್ನು ಕೇವಲ ಕಳೆಯುತ್ತಿಲ್ಲವೆಂದು ತಿಳಿಯಬಹುದು.