ಲಿಯರ್ ರಾಜನ ಭಾಗ, ನಮ್ಮ ಅಕ್ಕಂದಿರ ಸಹಿ

ನಮ್ಮಲ್ಲೊಬ್ಬರ ದೊಡ್ಡಮ್ಮನಿಗೆ ಶ್ರೀನಿವಾಸಪುರದ ಕಡೆಯ ತವರಿನಿಂದ ಫೋನ್ ಬಂತು. ಮಾವಿನ ತೋಪು ಭಾಗ ಆಗ್ತಿದೆ, ಸೋಮವಾರ ಬಂದು ಒಂದು ಸಹಿ ಹಾಕಿ ಹೋಗು ಅಂತ. ಹೋದರು, ಹಾಕಿದರು. ಒಂದು ಸೀರೆ, ಅರಿಶಿನ ಕುಂಕುಮ ತಗೊಂಡು ಸಂಜೆ ಬಸ್ಸಿಗೆ ವಾಪಸ್ ಬಂದರು. ಓದಿ ನೋಡಿದ್ರಾ ದೊಡ್ಡಮ್ಮ ಅಂದರೆ, "ಅಣ್ಣನ ಹತ್ರ ಓದಿ ನೋಡೋದೇನಿದೆ" ಅಂದರು. ಅದು ಹಕ್ಕು ಖುಲಾಸೆ ಪತ್ರ.

ಅದೇ ವಾರ ನಾವು ಲಿಯರ್ ರಾಜನ ಕಥೆ ಓದುತ್ತಿದ್ದೆವು. ಶೇಕ್ಸ್‌ಪಿಯರನ ಈ ದುರಂತ ನಾಟಕವನ್ನು 'ಲಿಯರ್ ಮಹಾರಾಜ' ಅಂತ ಕನ್ನಡಕ್ಕೆ ತಂದವರು ನಮ್ಮ ಮಾಲೂರು ತಾಲ್ಲೂಕಿನ ಮಾಸ್ತಿ. ಮುಳಬಾಗಿಲಿನ ಡಿವಿಜಿ ಮ್ಯಾಕ್‌ಬೆತ್ ತಂದರು. ಟೊಮೆಟೊ ರೇಟು ಬಿಟ್ಟರೆ ಬೇರೆ ಯಾವುದಕ್ಕೂ ಸುದ್ದಿಯಾಗದ ಜಿಲ್ಲೆ ನಮ್ಮದು, ಇದನ್ನೂ ಸ್ವಲ್ಪ ಹೇಳಿಕೊಳ್ಳೋಣ.

ಕಥೆ ಗೊತ್ತಿಲ್ಲದವರಿಗೆ: ಮುದಿ ರಾಜನಿಗೆ ಮೂರು ಹೆಣ್ಣುಮಕ್ಕಳು. ರಾಜ್ಯ ಭಾಗ ಮಾಡಬೇಕು. ನನ್ನನ್ನು ಯಾರು ಎಷ್ಟು ಪ್ರೀತಿಸುತ್ತೀರಿ ಹೇಳಿ ಅನ್ನುತ್ತಾನೆ. ದೊಡ್ಡವಳು ಗಾನೆರಿಲ್, ನಡುವಿನವಳು ರೇಗನ್, ಇಬ್ಬರೂ ಬೆಣ್ಣೆ ಹಚ್ಚುತ್ತಾರೆ. ಕಿರಿಯವಳು ಕಾರ್ಡೀಲಿಯ ಮಾತ್ರ, ಮದುವೆಯಾದ ಮೇಲೆ ನನ್ನ ಪ್ರೀತಿಯಲ್ಲಿ ಅರ್ಧ ಗಂಡನಿಗೂ ಹೋಗುತ್ತೆ ಅಂತ ಇದ್ದದ್ದು ಹೇಳುತ್ತಾಳೆ. ಅವಳಿಗೆ ಏನೂ ಇಲ್ಲ. ಆಮೇಲೆ ದೊಡ್ಡವರಿಬ್ಬರು ಅಪ್ಪನನ್ನು ಹೊರಗೆ ಮಾಡುತ್ತಾರೆ. ಮಳೆ, ಗಾಳಿ, ಹುಚ್ಚು. ಕೊನೆಗೆ ಮೂವರು ಹೆಣ್ಣುಮಕ್ಕಳೂ ಸಾಯುತ್ತಾರೆ, ಅಪ್ಪನೂ ಸಾಯುತ್ತಾನೆ.

ಈ ಕಥೆ ಕೇಳಿದವರು ಸಾಮಾನ್ಯವಾಗಿ ಹೇಳುವುದು ಒಂದೇ: ನೋಡಿ, ಹೆಣ್ಣುಮಕ್ಕಳಿಗೆ ಜಮೀನು ಕೊಟ್ಟರೆ ಹಿಂಗೇ. ನಮ್ಮ ತಕರಾರು ಇರುವುದು ಇಲ್ಲಿ.

ಅದೇ ನಾಟಕದಲ್ಲಿ ಗ್ಲಾಸ್ಟರ್ ಅಂತ ಇನ್ನೊಬ್ಬ ಅಪ್ಪ ಇದ್ದಾನೆ. ಆಸ್ತಿಯ ಆಸೆಗೆ ಅವನ ಮಗ ಎಡ್ಮಂಡ್ ಅಣ್ಣನನ್ನು ಮನೆ ಬಿಡಿಸುತ್ತಾನೆ, ಅಪ್ಪನನ್ನು ಹಿಡಿದುಕೊಡುತ್ತಾನೆ. ಆ ಅಪ್ಪನ ಎರಡು ಕಣ್ಣೂ ಕೀಳಿಸಲಾಗುತ್ತದೆ. ಅದನ್ನು ನೋಡಿ ಗಂಡುಮಕ್ಕಳಿಗೆ ಜಮೀನು ಕೊಡಬಾರದು ಅಂದವರನ್ನು ನಾವಂತೂ ಕಂಡಿಲ್ಲ. ಮಗ ಕೆಟ್ಟರೆ ಅವನೊಬ್ಬ ಕೆಟ್ಟವನು. ಮಗಳು ಕೆಟ್ಟರೆ ಹೆಣ್ಣುಜಾತಿಯೇ ಕೆಟ್ಟದ್ದು.

ಸ್ತ್ರೀವಾದಿ ವಿಮರ್ಶಕಿಯರು ಇದನ್ನು ಹಿಡಿದು ಕೇಳಿ ನಲವತ್ತು ವರ್ಷವಾಯಿತು. ಹೆಣ್ಣು ಮಾತು ಮೀರಿದರೆ ಲೋಕವೇ ಕುಸಿಯುತ್ತದೆ ಅನ್ನುವ ಹಾಗೆ ನಾಟಕ ಕಟ್ಟಿದೆ ಎಂದು ಕ್ಯಾಥ್ಲೀನ್ ಮೆಕ್ಲಸ್ಕಿ 1985ರಲ್ಲಿ ಬರೆದರು. ಮರುವರ್ಷ ಕೊಪ್ಪೇಲಿಯ ಕಾನ್ ಕೇಳಿದ್ದು ಇನ್ನೂ ಸರಳ: ಈ ಮಕ್ಕಳ ತಾಯಿ ಎಲ್ಲಿ? ಹುಡುಕಿದರೆ, ರೇಗನ್‌ಗೆ ತನ್ನನ್ನು ಕಂಡು ಖುಷಿಯಾಗದಿದ್ದರೆ ಅವಳ ತಾಯಿಯ ಶೀಲವನ್ನೇ ಅನುಮಾನಿಸಬೇಕಾದೀತು ಅಂತ ಲಿಯರ್ ಆಡುವ ಮಾತಿನಲ್ಲಿ ಸತ್ತ ರಾಣಿ ಬರುತ್ತಾಳೆ. ಗಾನೆರಿಲ್‌ಗಂತೂ ನಿನ್ನ ಗರ್ಭ ಒಣಗಲಿ ಅಂತ ಶಾಪ ಹಾಕುತ್ತಾನೆ. ಅವಳು ಮಾಡಿದ್ದೇನು? ರಾಜ್ಯ ಕೊಟ್ಟ ಮೇಲೂ ಅಪ್ಪ ನೂರು ಜನ ಸರದಾರರನ್ನು ಕಟ್ಟಿಕೊಂಡು ಅವಳ ಮನೆಯಲ್ಲಿ ಕೂತಿದ್ದ. ಗಲಾಟೆ ಜಾಸ್ತಿಯಾಯಿತು, ಜನ ಕಡಿಮೆ ಮಾಡು ಅಂದಳು. ನೂರು ಜನಕ್ಕೆ ಮುದ್ದೆ ಬೇಯಿಸುವವರನ್ನು ಕೇಳಿ ನೋಡಿ.

ಹಾಗಂತ ಆ ಅಕ್ಕತಂಗಿಯರು ಸಾಧ್ವಿಯರು ಅನ್ನುತ್ತಿಲ್ಲ. ಗ್ಲಾಸ್ಟರನ ಕಣ್ಣು ಕೀಳುವಾಗ ರೇಗನ್ ಪಕ್ಕದಲ್ಲೇ ನಿಂತು ಕುಮ್ಮಕ್ಕು ಕೊಡುತ್ತಾಳೆ. ಆದರೆ ಮೊದಲ ತಪ್ಪು ಭಾಗ ಮಾಡಿದ ರೀತಿಯದು. ಹಕ್ಕು ಅಂತ ಕೊಡಲಿಲ್ಲ, ಹೊಗಳಿಕೆಗೆ ಕೂಲಿ ಅಂತ ಕೊಟ್ಟ. ಅಮೆರಿಕದ ಜೇನ್ ಸ್ಮೈಲಿ ಇದೇ ಕಥೆಯನ್ನು ಅಯೋವಾದ ಒಬ್ಬ ರೈತನ ಸಾವಿರ ಎಕರೆಗೆ ತಂದು, ದೊಡ್ಡ ಮಗಳ ಬಾಯಿಂದ ಹೇಳಿಸಿದ ಕಾದಂಬರಿ 1991ರಲ್ಲಿ ಬಂತು. ಅವಳ ಬಾಯಿಂದ ಕೇಳಿದರೆ ಅಪ್ಪನೇ ಬೇರೆ ಕಾಣುತ್ತಾನೆ.

ನಮ್ಮಲ್ಲಿ ಇದು ಬರೀ ನಾಟಕದ ಮಾತಲ್ಲ. ಮಾಲೂರಿನ ಕಡೆ ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇಗೆ ಜಮೀನು ಹೋಯಿತು, ಲೇಔಟ್‌ಗಳು ಎದ್ದವು. ದುಡ್ಡಿನ ಮಾತು ಬಂದಾಗ ವಂಶವೃಕ್ಷ ಬೇಕಾಗುತ್ತದೆ, ಆಗ ಅಕ್ಕತಂಗಿಯರ ನೆನಪಾಗುತ್ತದೆ. ಕೆಲವು ಮನೆಗಳಲ್ಲಿ ಆಗಲೂ ಆಗುವುದಿಲ್ಲ, ಅವರ ಹೆಸರನ್ನೇ ಬಿಟ್ಟು ಬರೆಸುತ್ತಾರೆ.

ಕಾನೂನು ಏನನ್ನುತ್ತದೆ? ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತದಲ್ಲಿ ಮಗಳಿಗೂ ಸಮಪಾಲು ಅನ್ನುವ ಕಾಯ್ದೆ ಕರ್ನಾಟಕದಲ್ಲಿ 1994ರಲ್ಲೇ ಬಂತು, ಆದರೆ ಅದಕ್ಕೆ ಮೊದಲು ಮದುವೆಯಾದವರನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರ ಕೇಂದ್ರ ತಿದ್ದುಪಡಿ ಆ ಗೆರೆ ಅಳಿಸಿತು. ಆ ದಿನ ತಂದೆ ಬದುಕಿರಲೇಬೇಕೆಂದಿಲ್ಲ, ಮಗಳ ಹಕ್ಕು ಹುಟ್ಟಿನಿಂದಲೇ ಅಂತ 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಹೇಳಿತು. 2004ರ ಡಿಸೆಂಬರ್ 20ಕ್ಕಿಂತ ಮೊದಲೇ ರಿಜಿಸ್ಟರ್ ಆದ ಭಾಗಗಳನ್ನು ಕೆದಕುವಂತಿಲ್ಲ. ಮನಸ್ಸಿಟ್ಟು ಬಿಟ್ಟುಕೊಡುವುದು ಅಕ್ಕತಂಗಿಯರ ಇಷ್ಟ. ಓದದೆ ಹಾಕಿದ ಸಹಿಯನ್ನು ವಾಪಸ್ ಪಡೆಯುವುದು ಮಾತ್ರ ಬಲು ಕಷ್ಟ.

ದೊಡ್ಡಮ್ಮನಿಗೆ ಲಿಯರ್ ಕಥೆ ಹೇಳಿದೆವು. ಬೀನ್ಸ್ ಬಿಡಿಸುತ್ತಾ ಪೂರ್ತಿ ಕೇಳಿದರು. ಮಳೆಯಲ್ಲಿ ಅಲೆಯುವ ರಾಜನಿಗೆ ಅಯ್ಯೋ ಪಾಪ ಅಂದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಆ ಚಿಕ್ಕೋಳಿಗೆ ಒಂದು ಸೀರೆನಾದ್ರೂ ಕೊಟ್ಟು ಕಳಿಸಿದ್ರಾ?"